ಏಳು ದಿನ, ಏಳು ಜನ, ಒಂದು ಹಾಯಿದೋಣಿ

ಹಾಯಿದೋಣಿಯ ಪ್ರವಾಸ, ಅದೂ ಕೆರಿಬಿಯನ್ ದ್ವೀಪಗಳಲ್ಲಿ, ಅದೂ ಇಡೀ ಒಂದು ವಾರ! ಹಾವೇರಿಯಲ್ಲಿ ರೊಟ್ಟಿ ಬಡಿದುಕೊಂಡಿರುವ ಹೆಂಗಸಿಗೆ ಇದೆಲ್ಲ ಯಾಕೆ ಬೇಕಾಗಿತ್ತು ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಮೊದಲು ನಾನೂ ನಕ್ಕವಳೇ.

ನನ್ನ ಅಕ್ಕ ಮದುವೆಯಾಗಿ ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಇಪ್ಪತ್ತನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಒಟ್ಟಿಗೆ ನಾಲ್ಕು ದಿನ ಕಳೆದದ್ದಿಲ್ಲ. ಅವಳು ಊರಿಗೆ ಬಂದರೆ ಅತ್ತೆಮನೆ, ನೆಂಟರ ಮನೆ, ಮದುವೆ, ಗೃಹಪ್ರವೇಶ ಎಂದು ದಿನಗಳೆಲ್ಲ ಹಂಚಿಹೋಗುತ್ತವೆ. ಅಮ್ಮ ತೀರಿಕೊಂಡ ಮೇಲಂತೂ ಕುಮಟೆಯ ತವರುಮನೆಗೆ ಬೀಗವೇ ಬಿತ್ತು. ಹಾಗಿರುವಾಗ ಒಂದು ರಾತ್ರಿ ಅಕ್ಕನ ಫೋನ್.

"ಬರೋ ವರ್ಷ ನಂಗೆ ಐವತ್ತು ತುಂಬ್ತದೆ. ಪಾರ್ಟಿಗೀರ್ಟಿ ಎಂತದೂ ಬೇಡ. ನಾವೆಲ್ಲ ಒಂದು ವಾರ ದೋಣಿ ಮೇಲೆ ಇರೋಣ. ದೋಣಿಯ ಖರ್ಚು ನಂದು, ಟಿಕೇಟು ನಿಮ್ದು. ದೋಣಿ ಗೊತ್ತು ಮಾಡೋದು ನಿನ್ನ ಭಾವ ನೋಡ್ಕೊಳ್ತಾರೆ. ಅಡುಗೆ, ನೀರು, ಸಾಮಾನಿನ ಲೆಕ್ಕ ನಿಂದು."

ನಾನು ಹೂಂ ಅಂದುಬಿಟ್ಟೆ. ಆರು ವರ್ಷದಿಂದ ಕಟ್ಟುತ್ತಿದ್ದ ಆರ್‌ಡಿ ದುಡ್ಡು ಹೊರಗೆ ಬಂತು. ಹತ್ತು ತಿಂಗಳು ತಯಾರಿ ನಡೆಸಿ, ಮಗಳ ಪಿಯುಸಿ, ಸಿಇಟಿ ಎಲ್ಲ ಮುಗಿದ ಮೇಲೆ ಕಳೆದ ವರ್ಷ ಮೇ ತಿಂಗಳಲ್ಲಿ ಹೋಗಿಬಂದೆವು.

ಇದು ಎಲ್ಲರ ಕೈಗೆ ಎಟುಕುವ ಪ್ರವಾಸವಲ್ಲ ಎಂದು ನಾನೂ ಬಲ್ಲೆ. ಆದರೆ ಈಗ ಯಾವ ಬೀದಿಯಲ್ಲಿ ನೋಡಿದರೂ ಯಾವುದಾದರೂ ಮನೆಯ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ನಾಳೆ ನಿಮಗೂ ಇಂಥ ಕರೆ ಬಂದೀತು. ಬೇಕಾದವರು ಈ ಪುಟ ಕತ್ತರಿಸಿಟ್ಟುಕೊಳ್ಳಿ. ನಾನು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳುತ್ತೇನೆ. ಅದನ್ನು ಮಾತ್ರ ನೀವು ಮಾಡಬೇಡಿ.

ಎಲ್ಲಿದೆ ಈ ಊರು?

ನಾವು ಆರಿಸಿಕೊಂಡದ್ದು ಬ್ರಿಟಿಷ್ ವರ್ಜಿನ್ ದ್ವೀಪಗಳನ್ನು. ಅಟ್ಲಾಂಟಿಕ್ ಸಾಗರಕ್ಕೂ ಕೆರಿಬಿಯನ್ ಸಮುದ್ರಕ್ಕೂ ನಡುವೆ, ಪೋರ್ಟೋರಿಕೋದ ಪೂರ್ವಕ್ಕೆ ಇವೆ. 1493ರಲ್ಲಿ ಇತ್ತ ಬಂದ ಕೊಲಂಬಸ್ ಸಂತ ಉರ್ಸುಲಾ ಮತ್ತು ಅವಳ ಜೊತೆಗಿದ್ದ ಕನ್ಯೆಯರ ಕಥೆಯನ್ನು ನೆನೆದು ಇಟ್ಟ ಹೆಸರು ಇದು. ಚಿಕ್ಕವು ದೊಡ್ಡವು ಎಲ್ಲ ಸೇರಿ ಸುಮಾರು 60 ದ್ವೀಪಗಳು. ಒಟ್ಟು ನೆಲ 153 ಚದರ ಕಿಲೋಮೀಟರು, ಅಷ್ಟೆ. ರಾಜಧಾನಿ ಟೊರ್ಟೋಲಾ ದ್ವೀಪದ ರೋಡ್ ಟೌನ್. ಆಳ್ವಿಕೆ ಬ್ರಿಟನ್ನಿನದಾದರೂ ಅಂಗಡಿಯಲ್ಲಿ ನಡೆಯುವುದು ಅಮೆರಿಕದ ಡಾಲರ್.

ಹೊಸಬರು ಇಲ್ಲಿಗೇ ಹೋಗಲು ಕಾರಣವಿದೆ. ದ್ವೀಪಗಳು ಎರಡು ಸಾಲಾಗಿ ನಿಂತಿವೆ. ನಡುವಿನ ನೀರಿಗೆ ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆ ಎಂದು ಹೆಸರು. ಆ ಸಾಲಿನಿಂದಾಗಿ ಸಾಗರದ ದೊಡ್ಡ ಅಲೆ ಒಳಗೆ ಬರುವುದಿಲ್ಲ. ಒಂದು ದ್ವೀಪದಲ್ಲಿ ನಿಂತರೆ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಉಬ್ಬರ-ಇಳಿತ ಒಂದು ಒಂದೂವರೆ ಅಡಿ ಮಾತ್ರ. ಶಾಲೆಯಲ್ಲಿ ವಾಣಿಜ್ಯ ಮಾರುತ ಎಂದು ಓದಿದ್ದೆವಲ್ಲ, ಆ ಗಾಳಿ ಪೂರ್ವದಿಂದ ವರ್ಷದ ಬಹುಪಾಲು ಬೀಸುತ್ತಿರುತ್ತದೆ.

ಯಾವಾಗ ಹೋಗಬೇಕು?

ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಜನ ಹೆಚ್ಚು, ಬಾಡಿಗೆಯೂ ಹೆಚ್ಚು. ಕ್ರಿಸ್‌ಮಸ್ ಹೊತ್ತಿಗೆ ಗಾಳಿಯೂ ಜೋರು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಚಂಡಮಾರುತ ಬಡಿದಾಗ ಇಲ್ಲಿ ಮನೆಗಳ ಮಾಡು ಹಾರಿ, ಬಂದರಿನ ದೋಣಿಗಳೆಲ್ಲ ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದಿದ್ದವು. ಊರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಬಾಡಿಗೆ ಅಗ್ಗವೆಂದು ಯಾರಾದರೂ ಆಸೆ ತೋರಿಸಿದರೆ ಈ ಮಾತು ನೆನಪಿರಲಿ. ಮೇ ತಿಂಗಳು ಎರಡಕ್ಕೂ ನಡುವಿನದು. ನಮ್ಮ ಮಕ್ಕಳ ರಜೆಗೂ ಹೊಂದುತ್ತದೆ.

ದೋಣಿಯಲ್ಲಿ ಮೂರು ಬಗೆ

ಚಾರ್ಟರ್ ಎಂದರೆ ಇಡೀ ದೋಣಿಯನ್ನು ನಮಗೇ ಬಾಡಿಗೆಗೆ ಹಿಡಿಯುವುದು. ಇದರಲ್ಲಿ ಮೂರು ಬಗೆ. ಒಂದು, ಬರೀ ದೋಣಿ. ನಡೆಸುವವರು ನೀವೇ. ಹಾಯಿ ಬಿಟ್ಟ ಅನುಭವ ಎಷ್ಟಿದೆ ಎಂದು ಬರೆದುಕೊಡಬೇಕು. ಎರಡು, ದೋಣಿಯ ಜೊತೆ ಒಬ್ಬ ಕ್ಯಾಪ್ಟನ್. ಅಡುಗೆ ನಮ್ಮದೇ, ಅವನ ಊಟವೂ ನಮ್ಮದೇ. ಮೂರು, ಕ್ಯಾಪ್ಟನ್, ಅಡುಗೆಯವರು, ಊಟ ಎಲ್ಲ ಸೇರಿದ್ದು. ಇದು ಎಲ್ಲಕ್ಕಿಂತ ದುಬಾರಿ.

ನಮ್ಮ ಭಾವ ಕಂಪ್ಯೂಟರ್ ಕೆಲಸದವರು. ಕೆರೆಯಲ್ಲಿ ಪುಟ್ಟ ಹಾಯಿದೋಣಿ ನಡೆಸಿದ್ದಾರೆ. "ಬರೀ ದೋಣಿ ಸಾಕು, ನಾನೇ ನಡೆಸ್ತೀನಿ" ಎಂದು ಹುರುಪಿನಲ್ಲಿದ್ದರು. ಅಕ್ಕ ಒಪ್ಪಲಿಲ್ಲ. ಎರಡನೆಯದನ್ನೇ ಹಿಡಿದೆವು. ನಾವು ಎರಡು ಸಂಸಾರ ಸೇರಿ ಆರು ಜನ, ಕ್ಯಾಪ್ಟನ್ ಸೇರಿ ಏಳು. ದೋಣಿಯಲ್ಲಿ ನಾಲ್ಕು ಕೋಣೆ. ಅಕ್ಕ-ಭಾವ, ನಾನು-ನಮ್ಮ ಯಜಮಾನರು, ಅವಳ ಮಗಳು-ನನ್ನ ಮಗಳು, ನಾಲ್ಕನೆಯದು ಕ್ಯಾಪ್ಟನ್‌ಗೆ.

ಮೊದಲ ಸಲದವರಿಗೆ ಕ್ಯಾಟಮರಾನ್ ಎಂಬ ಜೋಡಿದೋಣಿಯೇ ಒಳ್ಳೆಯದು. ಎರಡು ಒಡಲುಗಳನ್ನು ಒಂದು ಅಟ್ಟಣೆಯಿಂದ ಜೋಡಿಸಿರುತ್ತಾರೆ. ಗಾಳಿಗೆ ಅಷ್ಟಾಗಿ ವಾಲುವುದಿಲ್ಲ, ಒಲೆಯ ಮೇಲಿನ ಪಾತ್ರೆ ಉರುಳುವುದಿಲ್ಲ. ಕ್ಯಾಟಮರಾನ್ ಎಂಬ ಮಾತು ತಮಿಳಿನ ಕಟ್ಟುಮರದಿಂದ ಹೋದದ್ದಂತೆ. ದೋಣಿಯ ಬಾಲಕ್ಕೆ ಕಟ್ಟಿರುವ ಮರಿದೋಣಿಗೆ ಡಿಂಗಿ ಅನ್ನುತ್ತಾರೆ. ಆ ಮಾತೂ ನಮ್ಮ ದೇಶದ್ದೇ.

ಖರ್ಚು ಕೇಳುತ್ತೀರಿ, ಗೊತ್ತು. ನಮ್ಮ ಲೆಕ್ಕದಲ್ಲಿ ದೋಣಿಗೆ ಸುಮಾರು 7,000 ಡಾಲರ್, ಕ್ಯಾಪ್ಟನ್‌ಗೆ ದಿನಕ್ಕೆ 250, ಕೊನೆಯಲ್ಲಿ ಅವನಿಗೆ ಬಕ್ಷೀಸು. ರಾತ್ರಿ ದೋಣಿ ಕಟ್ಟುವ ತೇಲುಚೆಂಡಿಗೆ ಬಾಡಿಗೆ ಬೇರೆ. ದೋಣಿಗೆ ಪೆಟ್ಟಾದರೆ ಎಂದು ಒಂದಿಷ್ಟು ಠೇವಣಿಯೂ ಇಡಬೇಕು. ತಿಂಗಳು ನೋಡಿ ಈ ದರ ಏರುತ್ತದೆ, ಇಳಿಯುತ್ತದೆ.

ಕಾಗದಪತ್ರ

ದಾರಿ ಅಮೆರಿಕದ ಮೇಲೇ. ನಾವು ನ್ಯೂಜೆರ್ಸಿಯಿಂದ ಸೇಂಟ್ ಥಾಮಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಫೆರಿ ಹತ್ತಿ ರೋಡ್ ಟೌನ್ ಸೇರಿದೆವು. ಸೇಂಟ್ ಥಾಮಸ್ ಅಮೆರಿಕದ್ದು. ಅದೂ ಅದರ ಅಕ್ಕಪಕ್ಕದ ದ್ವೀಪಗಳೂ ಡೆನ್ಮಾರ್ಕಿನವಾಗಿದ್ದವು. 1917ರಲ್ಲಿ ಅಮೆರಿಕ ಇವನ್ನು 2 ಕೋಟಿ 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಪಕ್ಕದ ಟೊರ್ಟೋಲಾ ಬ್ರಿಟನ್ನಿನದು. ಅಂದರೆ ನೀವು ಅಮೆರಿಕ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೀರಿ. ಅಮೆರಿಕದ ವೀಸಾ ಹಲವು ಸಲ ಪ್ರವೇಶಕ್ಕೆ ಸಲ್ಲುವಂಥದ್ದೇ ಎಂದು ನೋಡಿಕೊಳ್ಳಿ. ದ್ವೀಪಗಳ ಪ್ರವೇಶದ ನಿಯಮ ಬದಲಾಗುತ್ತಿರುತ್ತದೆ. ಟಿಕೇಟು ಕೊಳ್ಳುವ ಮುಂಚೆ ಅಲ್ಲಿನ ಇಮಿಗ್ರೇಷನ್ ಇಲಾಖೆಯ ನಿಯಮವನ್ನೇ ಕೇಳಿ. ವಿಮೆ ಮರೆಯಬೇಡಿ. ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಬೇಕು.

ಸೂಟ್‌ಕೇಸ್ ಬೇಡ, ಮಡಿಚಿಡಬಹುದಾದ ಬಟ್ಟೆಯ ಬ್ಯಾಗ್ ಇರಲಿ. ದೋಣಿಯ ಕೋಣೆಯಲ್ಲಿ ಸೂಟ್‌ಕೇಸ್ ಇಟ್ಟರೆ ನೀವು ಹೊರಗೆ ಮಲಗಬೇಕು! ಹತ್ತಿಯ ಚೂಡಿದಾರ, ಅಂಚಿರುವ ಟೋಪಿ, ತುಂಬುತೋಳಿನ ಅಂಗಿ ಸಾಕು. ಸೀರೆ ನಾನು ಒಂದೇ ಒಯ್ದೆ, ಅಕ್ಕನ ಹುಟ್ಟುಹಬ್ಬದ ದಿನಕ್ಕೆಂದು. ಮುಟ್ಟಿನ ದಿನಗಳು ಬೀಳುವ ಹಾಗಿದ್ದರೆ ಬೇಕಾದ ಸಾಮಾನು, ಕಟ್ಟಿಡಲು ಕವರು ಎಲ್ಲ ಇಲ್ಲಿಂದಲೇ ಇರಲಿ. ದೋಣಿಯ ಪಾಯಿಖಾನೆಯ ಕೊಳವೆ ತೀರ ಸಣ್ಣದು, ಏನೂ ಹಾಕುವಂತಿಲ್ಲ. ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ತಂದುಕೊಂಡು, ಹೊರಡುವುದಕ್ಕೆ ಮುಂಚೆಯೇ ನುಂಗಬೇಕು. ತಲೆ ತಿರುಗಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಒಳಗೆ ಕೂರದೆ ಹೊರಗೆ ಬಂದು ದೂರದ ದಿಗಂತ ನೋಡುತ್ತ ಕೂತರೆ ಅರ್ಧ ಕಡಿಮೆ.

ನೀರಿನ ಲೆಕ್ಕ, ಒಲೆಯ ಲೆಕ್ಕ

ನಮ್ಮ ದೋಣಿಯ ಟ್ಯಾಂಕಿನಲ್ಲಿ ಸುಮಾರು 750 ಲೀಟರ್ ಸಿಹಿನೀರು. ಏಳು ಜನ, ಏಳು ದಿನ. ಭಾಗಿಸಿ ನೋಡಿ, ಒಬ್ಬರಿಗೆ ದಿನಕ್ಕೆ 15 ಲೀಟರ್. ನಮ್ಮ ಬಚ್ಚಲುಮನೆಯ ಬಕೆಟ್ಟಿಗೂ ಕಡಿಮೆ! ಭಾವನಿಗೆ ಇದು ಕೇಳಿ ಗಾಬರಿ. ನನಗಲ್ಲ. ನಲ್ಲಿಯಲ್ಲಿ ನೀರು ಬರುವ ದಿನಕ್ಕೆ ಕಾದು ಕೂತು ಕೊಡ ತುಂಬಿಸಿಟ್ಟುಕೊಳ್ಳುವವರು ನಾವು. ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಪಾತ್ರೆಗಳನ್ನು ಮೊದಲು ಸಮುದ್ರದ ನೀರಿನಲ್ಲಿ ತಿಕ್ಕಿ, ಕೊನೆಗೊಂದು ಸಲ ಸಿಹಿನೀರಿನಲ್ಲಿ ಅದ್ದಿ ತೆಗೆಯುವುದು. ಸ್ನಾನವೂ ಹಾಗೇ, ಹಿಂಭಾಗದ ಮೆಟ್ಟಿಲಲ್ಲಿ ಉಪ್ಪುನೀರು ಸುರಿದುಕೊಂಡು ಕೊನೆಗೆ ಎರಡು ಚೊಂಬು ಸಿಹಿನೀರು. ಕುಡಿಯುವ ನೀರು ಬೇರೆ, ಕ್ಯಾನುಗಳಲ್ಲಿ. ತಲೆಗೆ ದಿನಕ್ಕೆ 3 ಲೀಟರಿನಂತೆ ತೆಗೆದುಕೊಂಡೆವು. ಏಳನೆಯ ದಿನ ಟ್ಯಾಂಕಿನಲ್ಲಿ ಇನ್ನೂ ನೀರಿತ್ತು. ಕ್ಯಾಪ್ಟನ್ ಬಂದು ಮುಳ್ಳು ಕೆಟ್ಟಿದೆಯೋ ಎಂದು ತಟ್ಟಿ ನೋಡಿದ!

ದ್ವೀಪಕ್ಕೆ ಸಾಮಾನೆಲ್ಲ ಹಡಗಿನಲ್ಲೇ ಬರಬೇಕು, ಹೀಗಾಗಿ ತುಟ್ಟಿ. ಅಕ್ಕಿ, ಬೇಳೆ, ಅವಲಕ್ಕಿ, ರವೆ, ಮಸಾಲೆಪುಡಿಗಳನ್ನು ಅಕ್ಕ ನ್ಯೂಜೆರ್ಸಿಯ ಎಡಿಸನ್ ಊರಿನ ನಮ್ಮವರ ಅಂಗಡಿಗಳಲ್ಲಿ ಕೊಂಡು, ಪೊಟ್ಟಣ ಒಡೆಯದೆ ಹಾಗೇ ತಂದಳು. ಇಲ್ಲಿಂದ ಹೋಗುವವರು ಹಸಿ ಕರಿಬೇವು, ಹಣ್ಣು, ತರಕಾರಿ ಕಟ್ಟಿಕೊಳ್ಳಬೇಡಿ. ಅಮೆರಿಕದ ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯುತ್ತಾರೆ. ಒಯ್ದ ತಿಂಡಿ-ಪುಡಿಗಳನ್ನೂ ಫಾರಂನಲ್ಲಿ ಮುಚ್ಚದೆ ಬರೆಯಿರಿ.

ಏಳು ಜನಕ್ಕೆ ನಾನು ಹಾಕಿದ ಪಟ್ಟಿ ಇದು: ಅಕ್ಕಿ 5 ಕಿಲೋ, ತೊಗರಿಬೇಳೆ 1 ಕಿಲೋ, ಹೆಸರುಬೇಳೆ 1 ಕಿಲೋ, ಅವಲಕ್ಕಿ 2 ಕಿಲೋ, ರವೆ ಒಂದೂವರೆ ಕಿಲೋ, ಈರುಳ್ಳಿ 3 ಕಿಲೋ, ಆಲೂಗಡ್ಡೆ 3 ಕಿಲೋ. ಮೂರು ರಾತ್ರಿ ದಡದಲ್ಲಿ ಊಟ, ಉಳಿದದ್ದೆಲ್ಲ ದೋಣಿಯಲ್ಲೇ. ದೋಣಿಯ ಫ್ರಿಜ್ ಚಿಕ್ಕದು. ಟೊಮೇಟೊ, ಬೀನ್ಸ್, ಸೊಪ್ಪು ಮೊದಲ ಎರಡು ದಿನಕ್ಕೆ. ಎಲೆಕೋಸು, ಗಜ್ಜರಿ, ಕುಂಬಳ ಆಮೇಲಿನ ದಿನಕ್ಕೆ. ಒಂದು 3 ಲೀಟರಿನ ಕುಕ್ಕರ್ ನಮ್ಮದೇ ಇರಲಿ. ದೋಣಿ ನಿಂತಾಗ ಮಾತ್ರ ಒಲೆ ಹಚ್ಚಬೇಕು. ಅಡುಗೆಯಾದ ತಕ್ಷಣ ಸಿಲಿಂಡರ್ ಹತ್ತಿರವೇ ಗ್ಯಾಸ್ ಬಂದ್ ಮಾಡಬೇಕು.

ಮಧ್ಯಾಹ್ನ ದೋಣಿ ಓಡುವ ಹೊತ್ತಿಗೆ ಒಲೆಯೇ ಬೇಡದ ತಿಂಡಿ ಎಂದರೆ ಗೊಜ್ಜವಲಕ್ಕಿ. ಮನೆಯಲ್ಲೇ ಹೀಗೆ ಮಾಡಿಟ್ಟುಕೊಳ್ಳಿ: ಗಟ್ಟಿ ಅವಲಕ್ಕಿ 4 ಕಪ್ಪನ್ನು ಮಿಕ್ಸಿಯಲ್ಲಿ ದಪ್ಪ ರವೆಯ ಹಾಗೆ ಮಾಡಿ. ಸಾರಿನಪುಡಿ 4 ಚಮಚ, ಒಣಕೊಬ್ಬರಿ ತುರಿ ಅರ್ಧ ಕಪ್, ಪುಡಿಬೆಲ್ಲ 4 ಚಮಚ, ಉಪ್ಪು ಬೆರೆಸಿ. ಸಾಸಿವೆ, ಕಡಲೆಬೇಳೆ, ಶೇಂಗಾ, ಒಣಮೆಣಸು, ಇಂಗಿನ ಒಗ್ಗರಣೆ ಮಾಡಿ, ಪೂರ್ತಿ ಆರಿದ ಮೇಲೆ ಕಲಸಿ ಡಬ್ಬಿಗೆ ತುಂಬಿ. ದೋಣಿಯಲ್ಲಿ ಬೇಕಾದಷ್ಟು ತೆಗೆದುಕೊಂಡು, ಹುಣಸೆಹುಳಿ ಕದಡಿದ ನೀರನ್ನು ಅವಲಕ್ಕಿ ಮುಳುಗುವಷ್ಟು ಹಾಕಿ, ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಮುಗಿಯಿತು. ನಮ್ಮ ಕ್ಯಾಪ್ಟನ್ ಇದನ್ನು ಮೂರು ದಿನ ಕೇಳಿ ಹಾಕಿಸಿಕೊಂಡ.

ನಾವು ಮೀನು ತಿನ್ನುವ ಮನೆಯವರು. ಆದರೂ ಅಲ್ಲಿ ಸಿಕ್ಕ ಮೀನನ್ನೆಲ್ಲ ತಿನ್ನುವಂತಿಲ್ಲ. ಹವಳದ ಬಂಡೆಗಳ ಸುತ್ತ ಬೆಳೆದ ಕೆಲವು ದೊಡ್ಡ ಮೀನುಗಳಲ್ಲಿ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮೀನು ಹಿಡಿಯಲು ಹೊರಗಿನವರಿಗೆ ಪರವಾನಗಿಯೂ ಬೇಕು. ಊರಿನವರು ಯಾವುದನ್ನು ತಿನ್ನುತ್ತಾರೋ ಅದನ್ನೇ ತಿನ್ನಿ.

ರೋಡ್ ಟೌನಿನಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಅಂಗಡಿಯ ಹಲಗೆಯ ಮೇಲೆ "ರೋಟಿ" ಎಂದು ಬರೆದಿದೆ! ತೆಳ್ಳಗಿನ ದೊಡ್ಡ ರೊಟ್ಟಿಯೊಳಗೆ ಕಡಲೆಕಾಳು, ಆಲೂಗಡ್ಡೆಯ ಪಲ್ಯ ಇಟ್ಟು ಮಡಿಚಿ ಕೊಡುತ್ತಾರೆ. ಬ್ರಿಟಿಷರು ತಮ್ಮ ನಾಡುಗಳಲ್ಲಿ ಗುಲಾಮಗಿರಿಯನ್ನು 1834ರಲ್ಲಿ ರದ್ದು ಮಾಡಿದ ಮೇಲೆ, ಕಬ್ಬಿನ ತೋಟಕ್ಕೆಂದು ನಮ್ಮ ದೇಶದಿಂದ ಕೂಲಿಗಳನ್ನು ಸಾಗಿಸಿದರು. ಗಯಾನಾಕ್ಕೆ 1838ರಲ್ಲಿ, ಟ್ರಿನಿಡಾಡಿಗೆ 1845ರಲ್ಲಿ ಮೊದಲ ಹಡಗುಗಳು ಹೋದವು. ಆ ತಾಯಂದಿರು ಒಯ್ದ ರೊಟ್ಟಿ ಈಗ ದ್ವೀಪದಿಂದ ದ್ವೀಪಕ್ಕೆ ಹಬ್ಬಿದೆ. ತಿನ್ನುವಾಗ ನನಗೆ ಒಂದು ಕ್ಷಣ ಗಂಟಲು ಕಟ್ಟಿತು.

ಒಂದು ಮರ್ಯಾದೆಯ ಮಾತು. ಅಲ್ಲಿ ಯಾರನ್ನೇ ಏನೇ ಕೇಳುವ ಮುಂಚೆ "ಗುಡ್ ಮಾರ್ನಿಂಗ್" ಎನ್ನಬೇಕು. ನೇರ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಈಜುಡುಗೆಯಲ್ಲಿ ಪೇಟೆಗೆ ಬರುವುದೂ ಅವರಿಗೆ ಸೇರದು.

ಯಾವ ದಿನ ಎಲ್ಲಿ?

ಗಾಳಿ ಪೂರ್ವದಿಂದ ಬೀಸುತ್ತದೆ ಎಂದೆನಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ಗಾಳಿಗೆ ಎದುರಾಗಿ ಪೂರ್ವಕ್ಕೆ ಹೋಗಿ ಕಷ್ಟ ಮುಗಿಸಿ, ಕೊನೆಯ ದಿನಗಳಲ್ಲಿ ಗಾಳಿಯ ಜೊತೆ ಪಶ್ಚಿಮಕ್ಕೆ ಇಳಿದುಬರುವುದು ಜಾಣತನ. ರಾತ್ರಿ ದೋಣಿ ಓಡಿಸುವಂತಿಲ್ಲ. ಮಧ್ಯಾಹ್ನ ಮೂರರೊಳಗೆ ತಂಗುವ ಜಾಗ ಸೇರಿಬಿಡಬೇಕು.

ಮೊದಲ ದಿನ ನಾರ್ಮನ್ ದ್ವೀಪ, ಒಂದೂವರೆ ಗಂಟೆಯ ದಾರಿ. ಅಲ್ಲಿ ಸಮುದ್ರದೊಳಕ್ಕೆ ತೆರೆದ ಗವಿಗಳಿವೆ. ಹತ್ತಿರದಲ್ಲೇ ನೀರಿನಿಂದ ಎದ್ದ ನಾಲ್ಕು ಕೋಡುಗಲ್ಲು, ಹೆಸರು "ಇಂಡಿಯನ್ಸ್". ನಮ್ಮವರ ಹೆಸರೇ ಎಂದು ನಾನು ಹಿಗ್ಗಿದರೆ, ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟದ ಹಾಗೆ ಕಾಣುತ್ತದೆ ಎಂದು ಇಟ್ಟದ್ದಂತೆ!

ಎರಡನೆಯ ದಿನ ಸಾಲ್ಟ್ ದ್ವೀಪ, ರಾತ್ರಿಗೆ ಕೂಪರ್ ದ್ವೀಪ. ಸಾಲ್ಟ್ ದ್ವೀಪದಲ್ಲಿ ಉಪ್ಪಿನ ಕೊಳಗಳಿವೆ. ಹಿಂದೆ ಇಲ್ಲಿನವರು ವರ್ಷಕ್ಕೆ ಒಂದು ಚೀಲ ಉಪ್ಪನ್ನು ಬ್ರಿಟಿಷ್ ದೊರೆಗೆ ಗೇಣಿಯಾಗಿ ಕೊಡುತ್ತಿದ್ದರು. ಅಕ್ಕ ಮಣ್ಣಿನ ಅಂಚಲ್ಲಿ ಹೆಪ್ಪುಗಟ್ಟಿದ ಉಪ್ಪು ಚಿವುಟಿ ನಾಲಿಗೆಗಿಟ್ಟು "ಸಾಣಿಕಟ್ಟೆ ಉಪ್ಪೇ ರುಚಿ" ಅಂದಳು. ಇದರ ಪಕ್ಕದ ನೀರಲ್ಲೇ 1867ರ ಅಕ್ಟೋಬರ್ 29ರಂದು ರೋನ್ ಎಂಬ ಬ್ರಿಟಿಷ್ ಟಪಾಲು ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಆ ಹಡಗು ಇನ್ನೂ ತಳದಲ್ಲೇ ಇದೆ.

ಇನ್ನು ಮೂರನೆಯ ದಿನ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ನಾನು ಮಾಡಿದ ತಪ್ಪು

ದೋಣಿ ಗೊತ್ತು ಮಾಡುವಾಗ ಎಲ್ಲರ ವಿವರ ತುಂಬುವ ಫಾರಂ ಬಂದಿತ್ತು. ವಯಸ್ಸು, ಕಾಯಿಲೆ, ಔಷಧಿ, ಈಜು ಬರುತ್ತದೆಯೇ ಎಂಬ ಕಾಲಂಗಳು. ಭಾವ ಫೋನಿನಲ್ಲಿ ಒಂದೊಂದೇ ಕೇಳುತ್ತಿದ್ದರು, ನಮ್ಮ ಯಜಮಾನರು ಉತ್ತರ ಕೊಡುತ್ತಿದ್ದರು. ಅವರಿಗೂ ಮಗಳಿಗೂ ಈಜು ಬರುತ್ತದೆ, ಊರಿನ ಬಾವಿಯಲ್ಲಿ ಕಲಿತದ್ದು. ನನ್ನ ಸರದಿ ಬಂದಾಗ ಅವರು "ಸಮುದ್ರದ ಊರಿನ ಹೆಣ್ಣು, ಈಜು ಬರದೇ ಇರ್ತದೇನು?" ಎಂದು ಜಂಬದಿಂದ ನಕ್ಕರು. ನಾನು ಅಲ್ಲೇ ರೊಟ್ಟಿ ತಟ್ಟುತ್ತ ಕೂತಿದ್ದೆ. ಇಲ್ಲ ಅನ್ನಲಿಲ್ಲ.

ನನಗೆ ಈಜು ಬರುವುದಿಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಕೇರಿಯ ಹುಡುಗಿಯೊಬ್ಬಳು ಸಮುದ್ರಕ್ಕೆ ಹೋಗಿಬಿಟ್ಟಳು. ಅಂದಿನಿಂದ ಅಮ್ಮ ನನ್ನನ್ನು ಮೊಣಕಾಲುದ್ದ ನೀರಿಗೂ ಬಿಡಲಿಲ್ಲ. ಮದುವೆಯಾದ ಮೇಲೆ ಗಂಡನಿಗೂ ಇದನ್ನು ಹೇಳುವ ಪ್ರಸಂಗ ಬರಲಿಲ್ಲ. ಹಾವೇರಿಯಲ್ಲಿ ಸಮುದ್ರ ಎಲ್ಲಿದೆ?

ಮೂರನೆಯ ದಿನ ಬೆಳಿಗ್ಗೆ ವರ್ಜಿನ್ ಗೋರ್ಡಾ ದ್ವೀಪದ "ಬಾತ್ಸ್" ನೋಡಲು ಹೋದೆವು. ಮನೆಯಷ್ಟು ದೊಡ್ಡ ಗ್ರಾನೈಟ್ ಗುಂಡುಗಳು ಒಂದಕ್ಕೊಂದು ಒರಗಿ, ನಡುವೆ ನೀರು ತುಂಬಿದ ಗವಿಗಳಾಗಿವೆ. ತುಂಬಾ ಸುಂದರವಾದ ಜಾಗ. ಆದರೆ ಅಲ್ಲಿ ಡಿಂಗಿಯನ್ನು ದಡಕ್ಕೆ ತರುವಂತಿಲ್ಲ. ದಡದಿಂದ ಸ್ವಲ್ಪ ದೂರದಲ್ಲಿ ನೀರ ಮೇಲೆ ಒಂದು ಹಗ್ಗ ಬಿಟ್ಟಿರುತ್ತಾರೆ. ಡಿಂಗಿಯನ್ನು ಅದಕ್ಕೆ ಕಟ್ಟಿ ಉಳಿದದ್ದನ್ನು ಈಜಿಯೇ ಹೋಗಬೇಕು. ನನಗೆ ಇದು ಗೊತ್ತಾದದ್ದು ಹಗ್ಗದ ಹತ್ತಿರ ಬಂದ ಮೇಲೆ.

ಕ್ಯಾಪ್ಟನ್ "ಎಲ್ಲರಿಗೂ ಈಜು ಬರುತ್ತದೆ ತಾನೆ?" ಎಂದು ಮತ್ತೊಮ್ಮೆ ಕೇಳಿದ. ಭಾವ "ಎಲ್ಲರಿಗೂ" ಅಂದರು. ಹುಡುಗಿಯರು ಧುಮುಕಿದರು. ಯಜಮಾನರೂ ಭಾವನೂ ಇಳಿದರು. ದಡ ಇಲ್ಲೇ ಕಾಣುತ್ತಿದೆ, ನೀರು ಗಾಜಿನ ಹಾಗಿದೆ, ತಳದ ಮರಳು ಕೈಗೆ ಸಿಗುವಂತಿದೆ. ಇಷ್ಟು ಜನರ ಮುಂದೆ ಈಗ ಏನೆಂದು ಹೇಳಲಿ? ಲೈಫ್ ಜಾಕೆಟ್ ಕಾಲ ಬಳಿಯೇ ಬಿದ್ದಿತ್ತು. ಹಾಕಿಕೊಳ್ಳಲು ನಾಚಿಕೆ. ಕಾಲು ಎಟುಕೀತು ಎಂದು ಇಳಿದೇಬಿಟ್ಟೆ.

ಎಟುಕಲಿಲ್ಲ. ಕಿವಿಯಲ್ಲಿ ನೀರು ಗುಂಯ್ ಎಂದದ್ದು, ಬಾಯಿ ತುಂಬ ಉಪ್ಪು ಹೊಕ್ಕದ್ದು ನೆನಪಿದೆ. ನನ್ನ ಹಿಂದೆಯೇ ಇಳಿಯಲಿದ್ದ ಅಕ್ಕ ಹಾರಿ ನನ್ನ ತೋಳು ಹಿಡಿದಳು. ಅವಳು ನಲವತ್ತರ ಮೇಲೆ ಕೊಳದಲ್ಲಿ ಈಜು ಕಲಿತವಳು, ಇನ್ನೊಬ್ಬರನ್ನು ಎತ್ತುವಷ್ಟು ಶಕ್ತಿಯಿಲ್ಲ. ಮುಳುಗುವವರಿಗೆ ಬುದ್ಧಿ ಇರುವುದಿಲ್ಲ ನೋಡಿ, ನಾನು ಅವಳ ಕೊರಳನ್ನೇ ತಬ್ಬಿಕೊಂಡೆ. ಇಬ್ಬರೂ ಒಳಗೆ ಹೋದೆವು. ಕ್ಯಾಪ್ಟನ್ ಹಾರಿ ನಮ್ಮಿಬ್ಬರನ್ನೂ ಬಿಡಿಸಿ ಹಗ್ಗ ಹಿಡಿಸಿದ. ಎಲ್ಲ ಸೇರಿ ಅರ್ಧ ನಿಮಿಷವಾಗಿರಬಹುದು. ಅಕ್ಕನ ಕೊರಳಲ್ಲಿ ನನ್ನ ಉಗುರಿನ ಗೀರು ನಾಲ್ಕು ದಿನ ಇತ್ತು.

ದೋಣಿಗೆ ಬಂದ ಮೇಲೆ ಅಕ್ಕ ಬೈಯಲಿಲ್ಲ. ಟವೆಲ್ ಸುತ್ತಿ ಪಕ್ಕದಲ್ಲಿ ಕೂತಳು. "ಅಮ್ಮ ನಿನ್ನ ನೀರಿಗೆ ಬಿಡ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಆಮೇಲೆ ಕಲ್ತಿರ್ಬೇಕು ಅಂದ್ಕಂಡೆ. ಒಂದ್ ಮಾತು ಕೇಳ್ಬೇಕಿತ್ತು ನಾನು" ಅಂದಳು. ಅಷ್ಟಕ್ಕೇ ಇಬ್ಬರೂ ಅತ್ತೆವು. ಅಮ್ಮ ಹೋದಾಗ ಅವಳಿಗೆ ಬರಲು ಆಗಿರಲಿಲ್ಲ. ಆ ಅಳುವೂ ಅದರಲ್ಲೇ ಸೇರಿತ್ತು.

ರಾತ್ರಿ ಯಜಮಾನರು, "ನೀನಾದ್ರೂ ಹೇಳಬೇಕಿತ್ತಲ್ಲ" ಅಂದರು.

"ನೀವಾದ್ರೂ ಕೇಳಬೇಕಿತ್ತಲ್ಲ" ಅಂದೆ.

ಮರುದಿನ ಕ್ಯಾಪ್ಟನ್ ಆ ಫಾರಂ ತೆಗೆದು, ನನ್ನ ಹೆಸರಿನ ಮುಂದಿದ್ದ "ಹೌದು" ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ "ಇಲ್ಲ" ಎಂದು ಬರೆದ. ಆಮೇಲೆ ಅವನು ಹೇಳಿದ ಮಾತು ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ಬಾತ್ಸ್‌ಗೆ ಈಜಿಯೇ ಹೋಗಬೇಕೆಂದಿಲ್ಲವಂತೆ! ಸ್ಪ್ಯಾನಿಷ್ ಟೌನಿನ ಕಟ್ಟೆಗೆ ದೋಣಿ ಕಟ್ಟಿ, ಟ್ಯಾಕ್ಸಿಯಲ್ಲಿ ಗುಡ್ಡದ ಮೇಲೆ ಹೋಗಿ, ಕಾಲುದಾರಿಯಲ್ಲಿ ಇಳಿದರೆ ಸಾಕಂತೆ. ಮೊದಲೇ ತಿಳಿದಿದ್ದರೆ ಹಾಗೇ ಕರೆದೊಯ್ಯುತ್ತಿದ್ದೆ ಅಂದ. ಹತ್ತು ತಿಂಗಳು ಬೇಳೆ-ಅಕ್ಕಿ ತೂಗಿ ನೋಡಿದವಳು ನಾನು. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ.

ಉಳಿದ ದಿನಗಳು

ನಾಲ್ಕನೆಯ ದಿನ ಅನೆಗಾಡಾ. ಉಳಿದ ದ್ವೀಪಗಳೆಲ್ಲ ಗುಡ್ಡ, ಇದೊಂದು ಹವಳದ ಚಪ್ಪಟೆ ನೆಲ. ಅತಿ ಎತ್ತರದ ಜಾಗವೇ 28 ಅಡಿ. ಸ್ಪ್ಯಾನಿಷಿನಲ್ಲಿ ಅನೆಗಾಡಾ ಎಂದರೆ "ಮುಳುಗಿದ್ದು". ಹೆಸರು ಕೇಳಿ ಎಲ್ಲರೂ ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ. ಇದರ ಸುತ್ತ 29 ಕಿಲೋಮೀಟರ್ ಉದ್ದದ ಹವಳದ ದಿಬ್ಬವಿದೆ. ಹಿಂದೆ ಎಷ್ಟೋ ಹಡಗುಗಳು ಇದಕ್ಕೆ ಬಡಿದು ಒಡೆದಿವೆ. ದಾರಿ ಬಲ್ಲ ಕ್ಯಾಪ್ಟನ್ ಇಲ್ಲದೆ ಇತ್ತ ಬರಬಾರದು. ಭಾವ ಆ ದಿನ ಅಕ್ಕನಿಗೆ ಕೈಮುಗಿದರು!

ಅಲ್ಲಿ ಕಟ್ಟೆಗೇ ಡಿಂಗಿ ಹತ್ತಿಸಿ, ಟ್ಯಾಕ್ಸಿಯಲ್ಲಿ ಲಾಬ್ಲಾಲಿ ಕೊಲ್ಲಿಗೆ ಹೋದೆವು. ಅಂದೇ ಅಕ್ಕನ ಹುಟ್ಟುಹಬ್ಬ. ನಾನು ಲೈಫ್ ಜಾಕೆಟ್ ಬಿಗಿದು ಸೊಂಟದುದ್ದ ನೀರಿನಲ್ಲಿ ನಿಂತೆ. ಅಕ್ಕ ಬೆನ್ನ ಕೆಳಗೆ ಕೈಕೊಟ್ಟು "ತಲೆ ಹಿಂದೆ ಹಾಕು, ಆಕಾಶ ನೋಡು, ನಾ ಹಿಡ್ಕಂಡಿದೆ" ಅಂದಳು. ನಲವತ್ತೈದು ವರ್ಷದ ಮೇಲೆ ಮೊದಲ ಸಲ ನೀರು ನನ್ನನ್ನು ಹೊತ್ತಿತು.

ಐದನೆಯ ದಿನ ಟೊರ್ಟೋಲಾದ ಉತ್ತರ ದಂಡೆಯ ಕೇನ್ ಗಾರ್ಡನ್ ಕೊಲ್ಲಿ, ಆರನೆಯ ದಿನ ಯೋಸ್ಟ್ ವಾನ್ ಡೈಕ್ ದ್ವೀಪ, ಏಳನೆಯ ರಾತ್ರಿ ಪೀಟರ್ ದ್ವೀಪದ ಹತ್ತಿರ. ಮರುದಿನ ಬೆಳಿಗ್ಗೆ ದೋಣಿ ಒಪ್ಪಿಸಿದೆವು. ದಡದಲ್ಲಿ ಕೆಂಪು ಗುರುತು ಹಾಕಿದ ಮರ ಕಂಡರೆ ಅದರ ನೆರಳಿಗೂ ನಿಲ್ಲಬೇಡಿ. ಮ್ಯಾಂಚಿನೀಲ್ ಎಂಬ ವಿಷದ ಮರ ಅದು. ಹಸಿರು ಸೇಬಿನಂಥ ಹಣ್ಣು ಬಿಡುತ್ತದೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಮಳೆಯಲ್ಲಿ ಅದರಿಂದ ತೊಟ್ಟಿಕ್ಕುವ ಹನಿಯೂ ಚರ್ಮ ಸುಡುತ್ತದೆ.

ಕೊನೆಗೆ ಒಂದು ಮಾತು, ಸೋದರಿಯರೆ. ನೀವು ಕೆರಿಬಿಯನ್‌ಗೆ ಹೋಗದಿದ್ದರೂ ಸರಿ, ಮುರುಡೇಶ್ವರಕ್ಕೆ ಹೋದರೂ ಸರಿ. ಪಟ್ಟಿ ಮಾಡಲು ಕೂತಾಗ ಅಕ್ಕಿ-ಬೇಳೆಗಿಂತ ಮುಂಚೆ ಪ್ರತಿಯೊಬ್ಬರ ಹೆಸರು ಬರೆದು, ಯಾರಿಗೆ ಏನು ಬರುವುದಿಲ್ಲ, ಯಾರಿಗೆ ಏನು ಭಯ ಎಂದು ಅವರ ಬಾಯಿಂದಲೇ ಕೇಳಿ ಬರೆಯಿರಿ. ಗಂಡನ ಪರವಾಗಿ ಹೆಂಡತಿ, ಹೆಂಡತಿಯ ಪರವಾಗಿ ಗಂಡ ಹೇಳುವುದು ಬೇಡ. ನಿಮ್ಮ ಸರದಿ ಬಂದಾಗ ನೀವೂ ಸುಮ್ಮನೆ ರೊಟ್ಟಿ ತಟ್ಟುತ್ತ ಕೂರಬೇಡಿ.

ಬರುವ ಡಿಸೆಂಬರಿಗೆ ಅಕ್ಕ ಬರುತ್ತಾಳೆ. ಕುಮಟೆಯ ಮನೆಯ ಬೀಗ ತೆಗೆದು ಹತ್ತು ದಿನ ಇಬ್ಬರೇ ಇರುವುದೆಂದು ಈಗಲೇ ಗೊತ್ತು ಮಾಡಿದ್ದೇವೆ. ಲೈಫ್ ಜಾಕೆಟ್ ಅವಳೇ ತರುತ್ತಾಳಂತೆ.